ಸ್ಕ್ಯಾನರ್ ಅಳತೆಯ ಸೆರಾಮಿಕ್ ಕ್ಯಾಪ್

ರೂಟ್ ಕೆನಾಲ್ ಆದ ಅಥವಾ ಹುಳುಕಿನಿಂದ ಬಹುಪಾಲು ಹಾಳಾದ ಹಲ್ಲಿಗೆ ಕೂರಿಸುವ ಕ್ರೌನ್, ಅಂದರೆ ಕ್ಯಾಪ್, ಎಷ್ಟು ಕಾಲ ಬಾಳುತ್ತದೆ ಎಂಬುದನ್ನು ಹೆಚ್ಚಾಗಿ ನಿರ್ಧರಿಸುವುದು ಒಸಡಿನ ಬಳಿಯ ಅದರ ಅಂಚು. ಅಲ್ಲಿ ಸಂದು ಉಳಿದರೆ ಸಿಮೆಂಟ್ ಕ್ರಮೇಣ ಕರಗಿ, ಬ್ಯಾಕ್ಟೀರಿಯಾ ಸೇರಿ, ಕ್ಯಾಪಿನಡಿಯಲ್ಲೇ ಹಲ್ಲು ಮತ್ತೆ ಹುಳುಕಾಗುತ್ತದೆ. ಈ ಸಂದು ಸುಮಾರು 120 ಮೈಕ್ರಾನ್, ಅಂದರೆ ಮಿಲಿಮೀಟರಿನ ಎಂಟನೇ ಒಂದು ಭಾಗ, ಮೀರಬಾರದೆಂಬುದು ರೂಢಿಯ ಮಿತಿ.

ಹಳೆಯ ಪದ್ಧತಿಯಲ್ಲಿ ಪೇಸ್ಟ್ ತುಂಬಿದ ಟ್ರೇಯಿಂದ ಅಚ್ಚು ತೆಗೆದು, ಅದರೊಳಗೆ ಪ್ಲಾಸ್ಟರ್ ಸುರಿದು ಮಾದರಿ ಮಾಡುತ್ತಾರೆ. ಪೇಸ್ಟ್ ತುಸು ಕುಗ್ಗುತ್ತದೆ, ಪ್ಲಾಸ್ಟರ್ ತುಸು ಹಿಗ್ಗುತ್ತದೆ; ಅಳತೆಯಲ್ಲಿ ವ್ಯತ್ಯಾಸ ಬರಲು ಇಷ್ಟು ಸಾಕು. ಅಚ್ಚಿನ ಬದಲು ಬೆಳಕಿನಿಂದಲೇ ಅಳೆಯುವ ವಿಚಾರವನ್ನು 1970ರ ದಶಕದಲ್ಲಿ ಫ್ರಾನ್ಸಿನ ಫ್ರಾಂಸ್ವಾ ಡ್ಯೂರೆ ಮುಂದಿಟ್ಟರು. 1985ರಲ್ಲಿ ಜ್ಯೂರಿಕ್ ವಿಶ್ವವಿದ್ಯಾಲಯದಲ್ಲಿ ವೆರ್ನರ್ ಮ್ಯೋರ್ಮನ್ ಅವರು ಸೆರೆಕ್ ಎಂಬ ಯಂತ್ರದಿಂದ ಕೊರೆದ ಸೆರಾಮಿಕ್ ತುಂಬಿಕೆಯನ್ನು ಮೊದಲ ಬಾರಿಗೆ ರೋಗಿಯ ಹಲ್ಲಿಗೆ ಕೂರಿಸಿದರು.

ಈಗ ಹಲ್ಲನ್ನು ಉಜ್ಜಿ ಅಣಿಗೊಳಿಸಿದ ಮೇಲೆ, ಒಸಡಿನ ಸಂದಿಗೆ ಸಣ್ಣ ದಾರ ತೂರಿಸಿ ಅಂಚು ಕಾಣುವಂತೆ ಒಸಡನ್ನು ಸರಿಸುತ್ತಾರೆ. ಸ್ಕ್ಯಾನರಿನ ತುದಿ ಬೆಳಕು ಚೆಲ್ಲುತ್ತ ಒಂದರ ಹಿಂದೊಂದು ಚಿತ್ರ ತೆಗೆಯುತ್ತದೆ; ಸಾಫ್ಟ್‌ವೇರ್ ಅವನ್ನು ಜೋಡಿಸಿ ಮೂರು ಆಯಾಮದ ರೂಪ ಕಟ್ಟುತ್ತದೆ. ಎದುರು ಹಲ್ಲುಗಳನ್ನೂ, ಬಾಯಿ ಕಚ್ಚಿದ ಭಂಗಿಯನ್ನೂ ಸೆರೆಹಿಡಿಯಬೇಕು. ಬೆಳಕು ತಾಗದ್ದು ಸ್ಕ್ಯಾನರಿಗೆ ಕಾಣದು. ಅಂಚಿನ ಮೇಲೆ ರಕ್ತ ಅಥವಾ ಜೊಲ್ಲು ನಿಂತಿದ್ದರೆ ಅದರ ಮೇಲ್ಮೈಯನ್ನೇ ಹಲ್ಲೆಂದು ದಾಖಲಿಸಿಬಿಡುತ್ತದೆ.

ತೆರೆಯ ಮೇಲೆ ಮೊದಲು ಅಂಚಿನ ಗೆರೆ ಗುರುತಿಸಬೇಕು. ಬಳಿಕ ಸಿಮೆಂಟಿಗೆ ಹತ್ತಾರು ಮೈಕ್ರಾನ್ ಜಾಗ ಬಿಟ್ಟು, ಪಕ್ಕದ ಹಲ್ಲುಗಳಿಗೆ ತಾಗುವ ಬಿಂದುಗಳನ್ನೂ ಜಗಿಯುವ ಮೈಯ ಎತ್ತರವನ್ನೂ ಹೊಂದಿಸುತ್ತಾರೆ.

ವಿನ್ಯಾಸದಂತೆ ಯಂತ್ರ ಸೆರಾಮಿಕ್ ಗಟ್ಟಿಯನ್ನು ಕೊರೆಯುತ್ತದೆ. ಲಿಥಿಯಂ ಡೈಸಿಲಿಕೇಟ್ ಎಂಬ ಸೆರಾಮಿಕ್ ಕೊರೆಯುವಾಗ ಸಾಮಾನ್ಯವಾಗಿ ನೀಲಿ ಛಾಯೆಯಲ್ಲಿರುತ್ತದೆ. ಸುಮಾರು 850 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಯಿಸಿದಾಗ ಹಲ್ಲಿನ ಬಣ್ಣವೂ ಪೂರ್ಣ ಗಟ್ಟಿತನವೂ ಬರುತ್ತವೆ. ಇನ್ನೊಂದು ಬಗೆಯಾದ ಜಿರ್ಕೋನಿಯಾವನ್ನು ಸುಮಾರು 1,500 ಡಿಗ್ರಿಯಲ್ಲಿ ಸುಡುವಾಗ ಅದು ಐದನೇ ಒಂದು ಭಾಗದಷ್ಟು ಕುಗ್ಗುವುದರಿಂದ, ಕುಗ್ಗುವಿಕೆಯನ್ನು ಲೆಕ್ಕ ಹಾಕಿ ಮೊದಲೇ ದೊಡ್ಡದಾಗಿ ಕೊರೆಯುತ್ತಾರೆ. ಕೊರೆಯುವ ಬರ್‌ಗಿಂತ ಸಪೂರವಾದ ಮೂಲೆಗಳು ಒಳಮೈಯಲ್ಲಿ ಮೂಡುವುದಿಲ್ಲ. ಆದ್ದರಿಂದ ವೈದ್ಯರು ಹಲ್ಲಿನ ಚೂಪು ಏಣುಗಳನ್ನು ಮುಂಚೆಯೇ ದುಂಡಗೆ ಮಾಡಿರಬೇಕು.

ಒಂದೆರಡು ಹಲ್ಲಿನ ಕೆಲಸಕ್ಕೆ ಸ್ಕ್ಯಾನರ್ ವಿಧಾನ ಹೆಚ್ಚು ನಂಬಲರ್ಹ. ಇಡೀ ದವಡೆಯನ್ನು ಸ್ಕ್ಯಾನ್ ಮಾಡುವಾಗ ಚಿತ್ರ ಜೋಡಣೆಯ ಸಣ್ಣ ದೋಷಗಳು ಕೂಡುತ್ತ ಹೋಗುತ್ತವೆ. ಅಂಚು ಒಸಡಿನ ಆಳಕ್ಕಿದ್ದರೆ ಪೇಸ್ಟಿನ ಅಚ್ಚೇ ಅನುಕೂಲವಾಗಬಹುದು. ಹೇಗೆ ತಯಾರಾದ ಕ್ಯಾಪ್ ಆದರೂ, ಅಂಟಿಸುವ ಮೊದಲು ಅಂಚನ್ನು ಪ್ರೋಬಿನಿಂದ, ಪಕ್ಕದ ಬಿಗಿಯನ್ನು ಫ್ಲಾಸ್ ದಾರದಿಂದ ಪರೀಕ್ಷಿಸುತ್ತಾರೆ. ಕಡಿತ ಎಲ್ಲಿ ಎತ್ತರವಾಗಿದೆ ಎಂಬುದನ್ನು ಬಣ್ಣದ ಕಾಗದ ಕಚ್ಚಿಸಿ ಕಂಡುಕೊಳ್ಳುತ್ತಾರೆ.