ಟೀಕಿಸೋದು ಅಪರಾಧವಲ್ಲ, ಬೆದರಿಸೋದು ಅಪರಾಧ

ಆನ್‌ಲೈನ್‌ನಲ್ಲಿ ಮನಸ್ಸು ನೋಯಿಸಿದವರನ್ನೆಲ್ಲ ಜೈಲಿಗೆ ಹಾಕಬೇಕಾ? ನಮ್ಮ ದೇಶ ಅದನ್ನೂ ಮಾಡಿ ನೋಡಿದೆ. ಐಟಿ ಕಾಯ್ದೆಯ 66ಎ ಸೆಕ್ಷನ್. ಅದರಲ್ಲಿ ತೀರಾ ನೋಯಿಸುವಂಥ ಸಂದೇಶಕ್ಕೆ 3 ವರ್ಷದವರೆಗೆ ಜೈಲು ಇತ್ತು.

2012ರಲ್ಲಿ ಶಿವಸೇನೆ ನಾಯಕ ಬಾಳ್ ಠಾಕ್ರೆ ತೀರಿಕೊಂಡಾಗ, ಮುಂಬೈ ಯಾಕೆ ಬಂದ್ ಆಗಬೇಕು ಅಂತ ಯುವತಿಯೊಬ್ಬಳು ಫೇಸ್‌ಬುಕ್‌ನಲ್ಲಿ ಪ್ರಶ್ನಿಸಿದಳು. ಗೆಳತಿ ಲೈಕ್ ಒತ್ತಿದಳು. ಪಾಲ್ಘರ್‌ನಲ್ಲಿ ಪೊಲೀಸರು ಈ ಸೆಕ್ಷನ್ನನ್ನೂ ಹಾಕಿ ಇಬ್ಬರನ್ನೂ ಬಂಧಿಸಿದರು. ಬರೀ ಒಂದು ಪ್ರಶ್ನೆಗೆ, ಒಂದು ಲೈಕ್‌ಗೆ!

2015ರ ಮಾರ್ಚ್ 24ರಂದು ಸುಪ್ರೀಂ ಕೋರ್ಟ್ ಆ ಸೆಕ್ಷನ್ನನ್ನೇ ರದ್ದು ಮಾಡಿತು. ಯಾವುದು ನೋವು, ಯಾವುದು ಟೀಕೆ ಅನ್ನೋದಕ್ಕೆ ಅದರಲ್ಲಿ ಅಳತೆಯೇ ಇರಲಿಲ್ಲ.

ಹಾಗಂತ ಕಾಡುವವರಿಗೆ ರಹದಾರಿ ಸಿಕ್ಕಿಲ್ಲ. ಭಾರತೀಯ ನ್ಯಾಯ ಸಂಹಿತೆಯಲ್ಲಿ ಬೆದರಿಕೆಗೆ 351, ಹೆಣ್ಣುಮಕ್ಕಳ ಬೆನ್ನುಬಿದ್ದು ಪೀಡಿಸಿದರೆ 78ನೇ ಸೆಕ್ಷನ್ ಇದೆ. ಹೊಸ ಕಾನೂನಿಗಿಂತ ಇವನ್ನು ಗಟ್ಟಿಯಾಗಿ ಜಾರಿ ಮಾಡೋದೇ ಸರಿ.

ನಿಮ್ಮನ್ನು ಯಾರಾದರೂ ಕಾಡುತ್ತಿದ್ದರೆ ಮೆಸೇಜ್ ಅಳಿಸಬೇಡಿ. ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು ಪೊಲೀಸರಿಗೆ ದೂರು ಕೊಡಿ.