ಬೆಂಕಿಯೂ ಕಟ್ಟಡದ ಕಟ್ಟಳೆಯೂ

ಒಲೆಯೊಳಗಿನ ಬೆಂಕಿಯು ಅನ್ನವನ್ನು ಬೇಯಿಸುವುದು. ಒಲೆಯನ್ನು ಬಿಟ್ಟ ಬೆಂಕಿಯು ಮನೆಯನ್ನೇ ನುಂಗುವುದು. ಇದನ್ನರಿಯದ ಗೃಹಸ್ಥರಿಲ್ಲ. ಆದರೆ ಅನೇಕ ವೇಳೆ ಜ್ವಾಲೆಗಿಂತ ಮೊದಲು ಹೊಗೆಯೇ ಪ್ರಾಣವನ್ನು ಅಪಹರಿಸುವುದೆಂಬುದನ್ನು ಬಲ್ಲವರು ಕೆಲವರೇ.

2010ನೆಯ ಇಸವಿ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಎಂಬ ಬಹು ಮಹಡಿಯ ಕಟ್ಟಡದಲ್ಲಿ ಬೆಂಕಿ ಹೊತ್ತಿದಾಗ ಹೊಗೆಯು ಮೇಲಂತಸ್ತುಗಳನ್ನು ತುಂಬಿತು. ಇಳಿಯುವ ದಾರಿ ಕಾಣದೆ ಕೆಲವರು ಕಿಟಕಿಗಳಿಂದ ಧುಮುಕಿದರು. 9 ಮಂದಿ ಅಸುನೀಗಿದರು.

ಇಂತಹ ಅನಾಹುತಗಳನ್ನು ತಡೆಯುವ ಕ್ರಮಗಳು ನಮ್ಮಲ್ಲಿ ಇಲ್ಲವೆ? ಉಂಟು. 1970ರಲ್ಲಿ ಪ್ರಕಟವಾದ ರಾಷ್ಟ್ರೀಯ ಕಟ್ಟಡ ಸಂಹಿತೆಯು 1983, 2005, 2016ರಲ್ಲಿ ಪರಿಷ್ಕಾರವನ್ನು ಹೊಂದಿತು. ಅದರ ನಾಲ್ಕನೆಯ ಭಾಗವೆಲ್ಲ ಅಗ್ನಿರಕ್ಷಣೆಗೆ ಮೀಸಲು. ಆದರೆ ಸಂಹಿತೆಯು ಸ್ವತಃ ಸಲಹೆಯೇ ಹೊರತು ಶಾಸನವಲ್ಲ. ರಾಜ್ಯಗಳೂ ನಗರಸಭೆಗಳೂ ತಮ್ಮ ನಿಯಮಗಳಲ್ಲಿ ಅದನ್ನು ಅಂಗೀಕರಿಸಿದಾಗಲೇ ಅದಕ್ಕೆ ಬಲ. ಆದುದರಿಂದ ಸಂಹಿತೆಯು ಹೊಸದಾದಾಗಲೆಲ್ಲ ರಾಜ್ಯದ ನಿಯಮಗಳೂ ಹೊಸದಾಗಬೇಕು. ಹೊಸ ಕಟ್ಟಡಗಳಿಗೆ ಮಾತ್ರವಲ್ಲದೆ ಹಳೆಯವುಗಳಿಗೂ ಕಾಲಕಾಲಕ್ಕೆ ತಪಾಸಣೆ ನಡೆಯಬೇಕು.

ಆದರೂ ವಾಚಕರೇ, ಎಂತಹ ಕಟ್ಟಳೆಯೂ ಬೀಗ ಹಾಕಿದ ಬಾಗಿಲನ್ನು ತಾನಾಗಿ ತೆರೆಯಲಾರದು. ಮಹಡಿಯ ಮನೆಗಳಲ್ಲಿ ವಾಸಿಸುವವರು ಮೆಟ್ಟಿಲ ದಾರಿಯಲ್ಲಿ ಹಳೆಯ ಸಾಮಾನುಗಳನ್ನು ಒಟ್ಟದಿರಲಿ. ಬೆಂಕಿ ಬಿದ್ದಾಗ ಲಿಫ್ಟನ್ನು ನಂಬದೆ, ಹೊಗೆಯಿದ್ದಲ್ಲಿ ಬಗ್ಗಿ ನಡೆಯುವುದನ್ನು ಮಕ್ಕಳಿಗೂ ಕಲಿಸಲಿ. ಸರಕಾರವು ಕಟ್ಟಳೆಯನ್ನು ತಿದ್ದಲಿ. ದಾರಿಯನ್ನು ತೆರವಾಗಿಡುವ ಕೆಲಸ ನಮ್ಮದೇ.