ಮಕ್ಕಳ ಮೊಣಕಾಲು ನೋವು: ಯಾವ ಹೊತ್ತಿನಲ್ಲಿ ನೋಯುತ್ತದೆ?



“ಅಮ್ಮಾ, ಮೊಣಕಾಲು ನೋಯ್ತದೆ” ಎಂದು ಮಗು ವಾರಗಟ್ಟಲೆ ಹೇಳುತ್ತಿದ್ದರೆ ನಾವು ಏನು ಮಾಡುತ್ತೇವೆ? ಶಾಲೆ ತಪ್ಪಿಸುವ ನೆಪವೆಂದು ಗದರುತ್ತೇವೆ; ಇಲ್ಲವೇ ಗಾಬರಿಯಾಗಿ ಆಟವನ್ನೇ ನಿಲ್ಲಿಸಿಬಿಡುತ್ತೇವೆ. ಇವೆರಡಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ. ನೋವು ಬರುವುದು ಯಾವ ಹೊತ್ತಿನಲ್ಲಿ?

ಸಂಜೆ ಅಥವಾ ರಾತ್ರಿ ಮಾತ್ರ ಎರಡೂ ಕಾಲು ನೋಯುತ್ತವೆ, ಬೆಳಿಗ್ಗೆ ಮಗು ಏನೂ ಆಗಿಲ್ಲವೆಂಬಂತೆ ಓಡಾಡುತ್ತದೆ, ಊತವಿಲ್ಲ, ಕುಂಟುವುದಿಲ್ಲ ಎಂದಾದರೆ ಅದು ಬಹುಶಃ ‘ಬೆಳವಣಿಗೆಯ ನೋವು’. 3ರಿಂದ 12 ವರ್ಷದ ಮಕ್ಕಳಲ್ಲಿ ಇದು ಸಾಮಾನ್ಯ. ಮೃದುವಾಗಿ ಕಾಲು ನೀವಿ, ಹದವಾದ ಬಿಸಿ ಬಟ್ಟೆಯಿಂದ ಕಾವು ಕೊಟ್ಟರೆ ಸಾಕು.

ಓಡಿದಾಗ, ಜಿಗಿದಾಗ, ಮೆಟ್ಟಿಲು ಹತ್ತುವಾಗ ನೋವು ಹೆಚ್ಚುತ್ತದೆಯೇ? ಮೊಣಕಾಲ ಚಿಪ್ಪಿನ ಕೆಳಗೆ, ಮೂಳೆಯ ಮೇಲೆ ಗಂಟಿನಂತೆ ಉಬ್ಬಿದೆಯೇ? ಕಬಡ್ಡಿ, ಖೋಖೋ, ಫುಟ್‌ಬಾಲ್ ಆಡುವ 10ರಿಂದ 15 ವರ್ಷದ ಮಕ್ಕಳಲ್ಲಿ ಇದನ್ನು ಹೆಚ್ಚಾಗಿ ಕಾಣುತ್ತೇವೆ. 1903ರಲ್ಲಿ ಇದನ್ನು ವಿವರಿಸಿದ ಇಬ್ಬರು ವೈದ್ಯರ ನೆನಪಿಗೆ ‘ಆಸ್ಗುಡ್–ಶ್ಲಾಟರ್’ ಎಂಬ ಹೆಸರು ಬಂದಿದೆ. ತೊಡೆಯ ಸ್ನಾಯುವಿನ ಎಳೆತ, ಇನ್ನೂ ಬೆಳೆಯುತ್ತಿರುವ ಎಳೆಯ ಮೂಳೆಯ ಮೇಲೆ ಬೀಳುವುದೇ ಇದಕ್ಕೆ ಕಾರಣ. ಆಟವನ್ನು ಪೂರ್ತಿ ಬಿಡಿಸಬೇಕಾಗಿಲ್ಲ. ಜಿಗಿತ, ಓಟಗಳನ್ನು ಕಡಿಮೆ ಮಾಡಿಸಿ. ಆಟದ ನಂತರ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು 10–15 ನಿಮಿಷ ಇಡಿ. ತೊಡೆಯ ಸ್ನಾಯುಗಳನ್ನು ಸಡಿಲಿಸುವ ವ್ಯಾಯಾಮವನ್ನು ಕೇಳಿ ತಿಳಿದು ದಿನವೂ ಮಾಡಿಸಿ. ಬೆಳವಣಿಗೆ ಮುಗಿದಾಗ ನೋವು ಸಾಮಾನ್ಯವಾಗಿ ತಾನೇ ಹೋಗುತ್ತದೆ; ಗಂಟು ಉಳಿಯಬಹುದು.

ಬೆಳಿಗ್ಗೆ ಎದ್ದಾಗ ಮೊಣಕಾಲು ಬಿಗಿದುಕೊಂಡು, ಓಡಾಡುತ್ತಾ ಸಡಿಲವಾಗುತ್ತದೆಯೇ? ಊದಿದೆಯೇ? ಸಂಧಿವಾತ ಮುದುಕರ ಕಾಯಿಲೆ ಮಾತ್ರ ಎಂದು ತಿಳಿಯಬೇಡಿ, ಮಕ್ಕಳಿಗೂ ಬರುತ್ತದೆ. ಕೀಲಿನ ಊತ 6 ವಾರ ಮೀರಿದರೆ ವೈದ್ಯರು ಇದನ್ನು ಶಂಕಿಸುತ್ತಾರೆ. ಆದರೆ ಅಷ್ಟು ದಿನ ನೀವು ಕಾಯಬೇಡಿ. ಈ ಕಾಯಿಲೆಯಲ್ಲಿ ಕೆಲವು ಮಕ್ಕಳ ಕಣ್ಣಿನೊಳಗೆ ಕೆಂಪಾಗದೆ, ನೋಯದೆ ಉರಿಯೂತ ಆಗುತ್ತದೆ, ದೃಷ್ಟಿಗೇ ಅಪಾಯ. ಆದ್ದರಿಂದ ಕಣ್ಣಿನ ಪರೀಕ್ಷೆಯೂ ಅಗತ್ಯ. ಬೇಗ ಚಿಕಿತ್ಸೆ ಆರಂಭಿಸಿದರೆ ಕೀಲನ್ನೂ ಕಣ್ಣನ್ನೂ ಕಾಪಾಡಲು ಇಂದು ಒಳ್ಳೆಯ ಔಷಧಗಳಿವೆ.

ಕೊನೆಯದು, ಬಹಳ ಮಂದಿಗೆ ತಿಳಿಯದ ವಿಷಯ. ಮಗು ಮೊಣಕಾಲು ತೋರಿಸಿದರೂ ರೋಗ ಸೊಂಟದ ಕೀಲಿನಲ್ಲಿರಬಹುದು. ಎರಡು ಕೀಲುಗಳಿಗೂ ಹೋಗುವ ನರಗಳು ಒಂದೇ ಆದ್ದರಿಂದ ನೋವು ಕೆಳಗೆ ಕಾಣಿಸಿಕೊಳ್ಳುತ್ತದೆ. 4ರಿಂದ 8 ವರ್ಷದವರಲ್ಲಿ ತೊಡೆಮೂಳೆಯ ತಲೆಗೆ ರಕ್ತ ಸಾಲದೆ ಹೀಗಾಗಬಹುದು. 10ರಿಂದ 16 ವರ್ಷದವರಲ್ಲಿ, ಮುಖ್ಯವಾಗಿ ಮೈತೂಕ ಹೆಚ್ಚಿದ್ದವರಲ್ಲಿ, ಆ ತಲೆಭಾಗವೇ ಜಾರಬಹುದು. ಮಗು ಕುಂಟುತ್ತಿದ್ದರೆ, ಪಾದ ಹೊರಕ್ಕೆ ತಿರುಗಿದ್ದರೆ, ನಡೆಸದೆ ಎತ್ತಿಕೊಂಡು ಅಂದೇ ಆಸ್ಪತ್ರೆಗೆ ಹೋಗಿ. ಮೊಣಕಾಲಿನ ಎಕ್ಸ್‌ರೇ ಸರಿಯಿದ್ದರೂ “ಸೊಂಟವನ್ನೂ ನೋಡಿ” ಎಂದು ಕೇಳಲು ಸಂಕೋಚ ಬೇಡ.

ಜ್ವರದೊಡನೆ ಕೀಲು ಕೆಂಪಾಗಿ ಬಿಸಿಯಾಗಿದ್ದರೆ, ಕಾಲೂರಲು ಆಗದಿದ್ದರೆ ಆಗಲೂ ತಡಮಾಡಬೇಡಿ. ಒಂದೇ ಕಾಲಿನ ನೋವು ಪ್ರತಿ ರಾತ್ರಿ ಎಬ್ಬಿಸುತ್ತಿದ್ದರೆ, ಮಗು ಸೊರಗುತ್ತಿದ್ದರೆ ಬೇಗ ತೋರಿಸಿ. ಕಾರಣ ತಿಳಿಯುವ ಮೊದಲು ಕಾಲನ್ನು ಎಳೆಸುವುದು, ತಿರುಗಿಸುವುದು, ಬಲವಾಗಿ ತಿಕ್ಕಿಸುವುದು ಬೇಡ. ದೊಡ್ಡವರ ನೋವಿನ ಮಾತ್ರೆಯನ್ನು ಮಕ್ಕಳಿಗೆ ಕೊಡಬೇಡಿ.

ವೈದ್ಯರ ಬಳಿಗೆ ಹೋಗುವ ಮುನ್ನ ನೋವು ಯಾವ ಹೊತ್ತು, ಎಷ್ಟು ದಿನದಿಂದ, ಒಂದು ಕಾಲೋ ಎರಡೋ ಎಂದು ಚೀಟಿಯಲ್ಲಿ ಬರೆದುಕೊಳ್ಳಿ. ನಮ್ಮ ಗಡಿಯೂರುಗಳಲ್ಲಿ ವೈದ್ಯರ ಮಾತು ಬೇರೆ, ಮಗುವಿನ ಮಾತು ಬೇರೆ ಆಗಿರುವುದುಂಟು. ನೋಯುವ ಜಾಗವನ್ನು ಮಗುವೇ ಒಂದು ಬೆರಳಿನಿಂದ ತೋರಿಸಲಿ. ಉಳಿದುದನ್ನು ನಿಮ್ಮ ಚೀಟಿ ನೋಡಿಕೊಂಡು ನೀವು ಹೇಳಿ.